ಬೈಕ್ ಮಾರಿ ಎರಡೂವರೆ ವರ್ಷ ಆಗಿತ್ತು, ಪರಿಹಾರದ ನೋಟಿಸ್ ನನಗ್ಯಾಕೆ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವನು, ಖಾಸಗಿ ಕಂಪನಿಯಲ್ಲಿ ಕೆಲಸ. 2020ರ ಫೆಬ್ರವರಿಯಲ್ಲಿ ಹೊಸ ಬೈಕ್ ತೆಗೆದುಕೊಂಡಿದ್ದೆ. 2022ರ ಮಾರ್ಚ್‌ನಲ್ಲಿ ಪರಿಚಯದವರೊಬ್ಬರಿಗೆ ಮಾರಿದೆ. ಫಾರಂ 29, 30ಕ್ಕೆ ಸಹಿ ಹಾಕಿ ಆರ್‌ಸಿ, ಕೀ ಎಲ್ಲ ಕೊಟ್ಟೆ. ಛಾಪಾ ಕಾಗದದ ಮೇಲೆ ಬರೆಸಿಕೊಂಡ ಡೆಲಿವರಿ ನೋಟ್ ನನ್ನ ಹತ್ತಿರ ಇದೆ. ಆದರೆ ಅವರು ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡೇ ಇಲ್ಲ. 2024ರ ನವೆಂಬರ್‌ನಲ್ಲಿ ಅವರ 19 ವರ್ಷದ ಮಗ ಓಡಿಸುವಾಗ, ರಸ್ತೆ ದಾಟುತ್ತಿದ್ದ ಗಾರೆ ಕೆಲಸದವರೊಬ್ಬರಿಗೆ ಡಿಕ್ಕಿಯಾಗಿ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 38. ಹುಡುಗನ ಹತ್ತಿರ ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾತ್ರ ಇತ್ತಂತೆ. ತೀರಿಕೊಂಡವರ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಸೇರಿ ಅಪಘಾತವಾದ ಐದನೇ ತಿಂಗಳಲ್ಲಿ 50 ಲಕ್ಷಕ್ಕೆ ಕೇಸು ಹಾಕಿದ್ದಾರೆ. ನೋಟಿಸ್‌ನಲ್ಲಿ ಹುಡುಗ ಒಂದನೇ ಎದುರುದಾರ, ನಾನು ಎರಡನೆಯವನು. ಇನ್ಶೂರೆನ್ಸ್ ಕಂಪನಿಯ ಹೆಸರೇ ಇಲ್ಲ. ನಾನು ಮಾಡಿಸಿದ್ದ ಇನ್ಶೂರೆನ್ಸ್ 2021ರಲ್ಲೇ ಮುಗಿದಿದೆ. ಕೊಂಡವರು ರಿನ್ಯೂ ಮಾಡಿಸಿಲ್ಲ. ಊರಿನ ಹಿರಿಯರು ‘3 ಲಕ್ಷ ಕೊಟ್ಟು ಮುಗಿಸಿಕೊ’ ಅನ್ನುತ್ತಿದ್ದಾರೆ. ಒಬ್ಬರು ‘ಸೈಟನ್ನು ಹೆಂಡತಿ ಹೆಸರಿಗೆ ಬರೆದುಬಿಡು’ ಅಂದರು. ನಾನು ಏನು ಮಾಡಲಿ?

ಉತ್ತರ: ಮೊದಲು ಎರಡು ಕೆಲಸ ಮಾಡಬೇಡಿ. ಸೈಟನ್ನು ಯಾರ ಹೆಸರಿಗೂ ಬರೆಯಬೇಡಿ. ಯಾರ ಕೈಗೂ 3 ಲಕ್ಷ ಕೊಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಬೀರು ತೆಗೆದು 2020ರ ಫೆಬ್ರವರಿಯಲ್ಲಿ ಶೋರೂಂನವರು ಕೊಟ್ಟ ಇನ್ಶೂರೆನ್ಸ್ ಪಾಲಿಸಿಯನ್ನು ಹುಡುಕಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅನುಮಾನ ಬಂದಿರುವುದು ಒಂದೇ ವಾಕ್ಯದ ಮೇಲೆ. ‘ಇನ್ಶೂರೆನ್ಸ್ 2021ರಲ್ಲೇ ಮುಗಿದಿದೆ’ ಅಂದಿದ್ದೀರಲ್ಲ, ಅದು ಬಹುಶಃ ತಪ್ಪು.

ಕಾರಣ ಹೇಳುತ್ತೇನೆ. 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿತು. ಅದರ ಪ್ರಕಾರ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನ ಮಾರುವಾಗ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾಡಿಸಲೇಬೇಕು. ಹೊಸ ಕಾರಿಗೆ 3 ವರ್ಷ. ನೀವು ಬೈಕ್ ತೆಗೆದುಕೊಂಡಿದ್ದು ಅದಾದ ಮೇಲೆ. ಆಗ ಶೋರೂಂಗಳಲ್ಲಿ ಸಾಮಾನ್ಯವಾಗಿ ಕೊಡುತ್ತಿದ್ದದ್ದು ‘1+5’ ಪಾಲಿಸಿ. ನಿಮ್ಮ ಸ್ವಂತ ಗಾಡಿಗೆ ಆಗುವ ಡ್ಯಾಮೇಜಿಗೆ 1 ವರ್ಷ, ಬೇರೆಯವರಿಗೆ ಆಗುವ ಹಾನಿಗೆ 5 ವರ್ಷ. ಪಾಲಿಸಿಯ ಮೊದಲ ಪುಟದಲ್ಲೇ ಎರಡು ಅವಧಿಗಳು ಬೇರೆ ಬೇರೆಯಾಗಿ ಪ್ರಿಂಟ್ ಆಗಿರುತ್ತವೆ. ‘ಓನ್ ಡ್ಯಾಮೇಜ್’ ಎದುರಿಗೆ 2020ರಿಂದ 2021. ‘ಲಯಬಿಲಿಟಿ’ ಎದುರಿಗೆ 2020ರಿಂದ 2025. ವರ್ಷ ಮುಗಿಯುತ್ತಿದ್ದ ಹಾಗೆ ‘ನಿಮ್ಮ ಪಾಲಿಸಿ ಎಕ್ಸ್‌ಪೈರ್ ಆಗುತ್ತಿದೆ’ ಅಂತ ಮೆಸೇಜ್ ಬರುತ್ತದೆ. ಜನ ಪೂರ್ತಿ ಇನ್ಶೂರೆನ್ಸೇ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದು ಮೊದಲನೇ ಸಾಲು ಮಾತ್ರ.

ಅಪಘಾತ ಆಗಿದ್ದು 2024ರ ನವೆಂಬರ್. ಐದು ವರ್ಷ ಮುಗಿಯುವುದು 2025ರ ಫೆಬ್ರವರಿ. ಅಂದರೆ ಅವತ್ತಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇನ್ನೂ ಜೀವಂತ ಇತ್ತು. ಪಾಲಿಸಿ ಕಾಗದ ಸಿಗದಿದ್ದರೆ ಗಾಬರಿಯಾಗಬೇಡಿ. ಗಾಡಿ ಕೊಂಡ ಶೋರೂಂನಲ್ಲಿ ಇನ್ವಾಯ್ಸ್ ಜೊತೆ ಅದರ ಕಾಪಿ ಇರುತ್ತದೆ. ಹಳೆಯ ಇಮೇಲ್‌ನಲ್ಲೂ ಇರಬಹುದು. ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಕಂಪನಿಯ ಹೆಸರು ಗೊತ್ತಾಗಬಹುದು. ಆ ಕಂಪನಿಯ ಶಾಖೆಗೆ ಗಾಡಿ ನಂಬರ್, ಚಾಸಿ ನಂಬರ್ ಕೊಟ್ಟು ಡೂಪ್ಲಿಕೇಟ್ ಕೇಳಿ.

ಕೇಸು ಹಾಕಿದವರು ಇನ್ಶೂರೆನ್ಸ್ ಕಂಪನಿಯನ್ನು ಯಾಕೆ ಪಾರ್ಟಿ ಮಾಡಿಲ್ಲ? ಅವರಿಗೆ ಗೊತ್ತಿಲ್ಲ, ಅಷ್ಟೇ. ಗಾಡಿ ಕೊಂಡವರ ಹತ್ತಿರ ಪಾಲಿಸಿ ಇರಲಿಕ್ಕಿಲ್ಲ. ಅವರು ಠಾಣೆಯಲ್ಲಿ ‘ಇನ್ಶೂರೆನ್ಸ್ ಇಲ್ಲ ಸಾರ್’ ಅಂದಿರುತ್ತಾರೆ, ಅದೇ ಚಾರ್ಜ್‌ಶೀಟ್‌ಗೆ ಹೋಗಿರುತ್ತದೆ. ಗೊತ್ತಿದ್ದವರು ನೀವೊಬ್ಬರೇ, ನೀವೂ ಮುಗಿದಿದೆ ಅಂದುಕೊಂಡು ಸುಮ್ನೆ ಕೂತಿದ್ದೀರಿ. ಇದು ನಿಮ್ಮ ಕೇಸಿನ ಜೀವನಾಡಿ. ಉಳಿದದ್ದೆಲ್ಲ ಇದರ ಸುತ್ತ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಮಾರಿದ ಮೇಲೂ ನಾನು ಹೊಣೆನಾ? ಹೌದು, ಮೋಟಾರು ವಾಹನ ಕಾಯ್ದೆಯ ಮಟ್ಟಿಗೆ ನೀವೇ ಮಾಲೀಕರು. 1988ರ ಕಾಯ್ದೆಯ ಕಲಂ 2(30) ಪ್ರಕಾರ ಗಾಡಿ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರೇ ಮಾಲೀಕ. ಇದಕ್ಕೆ ವಿನಾಯಿತಿಗಳು ಕಡಿಮೆ. ಆರ್‌ಸಿಯಲ್ಲಿರುವುದು ಅಪ್ರಾಪ್ತರ ಹೆಸರಾಗಿದ್ದರೆ ಅವರ ಪೋಷಕರು. ಸಾಲ ಅಥವಾ ಲೀಸ್ ಕರಾರಿನ ಮೇಲೆ ಗಾಡಿ ಇದ್ದರೆ, ಆ ಕರಾರಿನಡಿ ಅದನ್ನು ಇಟ್ಟುಕೊಂಡವರು. ಅದಕ್ಕೇ ಸಾಲ ಕೊಟ್ಟ ಫೈನಾನ್ಸ್ ಕಂಪನಿಯನ್ನು ಮಾಲೀಕ ಅಂತ ಹಿಡಿಯುವುದಿಲ್ಲ. ‘ಮಾರಿದ್ದೇನೆ, ಆದರೆ ವರ್ಗಾವಣೆ ಆಗಿಲ್ಲ’ ಅನ್ನುವವರಿಗೆ ಅಲ್ಲಿ ಜಾಗ ಇಲ್ಲ.

ನಿಮ್ಮಂಥದ್ದೇ ಪ್ರಶ್ನೆ ಸುಪ್ರೀಂ ಕೋರ್ಟ್‌ಗೂ ಹೋಗಿತ್ತು. ಒಂದು ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲನೆಯವರ ಹೆಸರೇ ಉಳಿದಿತ್ತು. 2018ರಲ್ಲಿ ಕೋರ್ಟ್ ಹೇಳಿದ್ದು ಇಷ್ಟು: ದುಡ್ಡು ಕೊಟ್ಟು ಗಾಡಿ ಕೈಸೇರಿದರೆ ಮಾರಾಟ ಆಗಿರಬಹುದು, ಅದು ನಿಮ್ಮಿಬ್ಬರ ವ್ಯವಹಾರ. ಪರಿಹಾರದ ಪ್ರಶ್ನೆ ಬಂದಾಗ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ. ಮನೆಯವರನ್ನು ಕಳೆದುಕೊಂಡವರು ‘ಈಗ ಗಾಡಿ ಯಾರ ಹತ್ತಿರ ಇದೆ’ ಅಂತ ಊರೂರು ಹುಡುಕಿಕೊಂಡು ಹೋಗುವ ಹಾಗಾಗಬಾರದು ಅನ್ನುವುದು ಅದರ ಹಿಂದಿನ ಯೋಚನೆ. ನಿಮಗೆ ಅನ್ಯಾಯ ಅನ್ನಿಸಬಹುದು. ಆದರೆ ಆ ತಾಯಿಯ ಕಡೆ ನಿಂತು ನೋಡಿದರೆ ಸರಿ ಅಂತಲೇ ಅನ್ನಿಸುತ್ತದೆ.

ಸಹಿ ಮಾಡಿದ ಫಾರಂಗಳ ವಿಷಯಕ್ಕೆ ಬರೋಣ. ಫಾರಂ 29 ಮಾರುವವರು ಆರ್‌ಟಿಒಗೆ ಕೊಡುವ ಸೂಚನೆ. ಕಲಂ 50ರ ಪ್ರಕಾರ, ಗಾಡಿ ರಾಜ್ಯದೊಳಗೇ ಇದ್ದರೆ ಮಾರಿದ 14 ದಿನದೊಳಗೆ ಅದನ್ನು ಕೊಡಬೇಕಾದವರು ನೀವು. ಕೊಂಡವರು 30 ದಿನದೊಳಗೆ ಫಾರಂ 30ರಲ್ಲಿ ಅರ್ಜಿ ಹಾಕಬೇಕು. ನೀವು ಮಾಡಿದ್ದು ಏನಪ್ಪಾ ಅಂದರೆ, ಕಚೇರಿಗೆ ನೀವೇ ತಲುಪಿಸಬೇಕಿದ್ದ ಕಾಗದವನ್ನು ಸಹಿ ಹಾಕಿ ಅವರ ಕೈಗೇ ಕೊಟ್ಟಿದ್ದು. ನಮ್ಮ ಕಡೆ ಎಲ್ಲರೂ ಮಾಡುವುದೂ ಹೀಗೇ. ‘ನಾಳೆ ಮಾಡಿಸ್ಕೋತೀನಿ’ ಅಂತ ಡ್ರಾಯರ್‌ಗೆ ಹಾಕಿದ ಕಾಗದ ಅಲ್ಲೇ ಉಳಿಯುತ್ತದೆ.

ಹಾಗಂತ ಡೆಲಿವರಿ ನೋಟ್ ಕೆಲಸಕ್ಕೆ ಬಾರದ್ದು ಅಂತಲ್ಲ. ಅದು ಪರಿಹಾರ ಕೇಳುವವರ ಎದುರು ನಿಮ್ಮನ್ನು ಉಳಿಸುವುದಿಲ್ಲ. ಕೊಂಡವರ ಎದುರು ಉಳಿಸಬಹುದು. ಗಾಡಿ ನಿಜವಾಗಿ ಅವರ ವಶದಲ್ಲಿತ್ತು, ಓಡಿಸಲು ಕೊಟ್ಟವರೂ ಅವರೇ ಅನ್ನುವುದಕ್ಕೆ ಅದೇ ಸಾಕ್ಷಿ. ‘ಇಂದಿನಿಂದ ಗಾಡಿಯ ಎಲ್ಲ ಜವಾಬ್ದಾರಿ ನನ್ನದು’ ಅಂತ ಅದರಲ್ಲಿ ಬರೆದಿದೆಯಾ ನೋಡಿ. ದಿನಾಂಕದ ಜೊತೆ ಗಂಟೆಯನ್ನೂ ಬರೆದಿದ್ದರೆ ಇನ್ನೂ ಒಳ್ಳೆಯದು. ಆ ಸಾಲು ಇದ್ದರೆ, ನೀವು ಕೈಯಿಂದ ಕಟ್ಟಬೇಕಾಗಿ ಬಂದ ಹಣವನ್ನು ಮುಂದೆ ಸಿವಿಲ್ ದಾವೆ ಹಾಕಿ ಅವರಿಂದ ವಸೂಲಿ ಮಾಡಲು ಗಟ್ಟಿ ಆಧಾರ. ಇಲ್ಲದಿದ್ದರೂ ದಾವೆ ಹಾಕಬಹುದು, ಸ್ವಲ್ಪ ಕಷ್ಟ.

ಇನ್ಶೂರೆನ್ಸ್ ಕಂಪನಿ ಬಂದ ಮೇಲೆ ಏನು ಹೇಳುತ್ತದೆ? ಎರಡು ಮಾತು ಬರುತ್ತವೆ. ಮೊದಲನೆಯದು, ‘ಪಾಲಿಸಿ ಇವರ ಹೆಸರಿನಲ್ಲಿದೆ, ಗಾಡಿ ಇವರದ್ದಲ್ಲ, ಆದ್ದರಿಂದ ನಾವು ಕೊಡುವುದಿಲ್ಲ’. ಇದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಲಂ 157ರ ಪ್ರಕಾರ ಗಾಡಿ ಮಾರಿದಾಗ ಇನ್ಶೂರೆನ್ಸ್ ಕೂಡ ಕೊಂಡವರಿಗೆ ವರ್ಗವಾಯಿತು ಅಂತಲೇ ಭಾವಿಸಬೇಕು. ಕೊಂಡವರು ಕಂಪನಿಗೆ 14 ದಿನದಲ್ಲಿ ತಿಳಿಸಬೇಕು, ನಿಜ. ತಿಳಿಸಲಿಲ್ಲ ಅಂತ ರಸ್ತೆಯಲ್ಲಿ ಸತ್ತವರ ಮನೆಯವರಿಗೆ ದುಡ್ಡು ತಪ್ಪಿಸಲು ಬರುವುದಿಲ್ಲ. ಹಾಗೆಯೇ ‘ಅಪಘಾತ ಆದ ಕೂಡಲೇ ತಿಳಿಸಲಿಲ್ಲ’ ಅನ್ನುವುದೂ ಮೂರನೆಯವರ ಪರಿಹಾರಕ್ಕೆ ಅಡ್ಡ ಬರುವುದಿಲ್ಲ. ಕಂಪನಿ ಯಾವ ಯಾವ ಕಾರಣಕ್ಕೆ ತಪ್ಪಿಸಿಕೊಳ್ಳಬಹುದು ಅಂತ ಕಲಂ 150ರಲ್ಲೇ ಪಟ್ಟಿ ಇದೆ, ತಡವಾಗಿ ತಿಳಿಸಿದ್ದು ಆ ಪಟ್ಟಿಯಲ್ಲಿಲ್ಲ.

ಎರಡನೆಯದು ಲೈಸೆನ್ಸ್. ಇಲ್ಲಿ ನಿಜವಾದ ಜಗಳ ಇರುವುದು. ಎಲ್‌ಎಲ್‌ಆರ್ ಇತ್ತಂತೆ ಅಂದಿದ್ದೀರಿ. ಆ ‘ಅಂತೆ’ಯನ್ನು ತೆಗೆಯಬೇಕು. ಎಲ್‌ಎಲ್‌ಆರ್ ಯಾವತ್ತು ಕೊಟ್ಟಿದ್ದು? ಅದರ ಆಯಸ್ಸು 6 ತಿಂಗಳು. ಅಪಘಾತದ ದಿನ ಅದು ಚಾಲ್ತಿಯಲ್ಲಿತ್ತಾ? ಗೇರ್ ಇರುವ ಬೈಕಿಗೆ ಕೊಟ್ಟಿದ್ದಾ, ಇಲ್ಲಾ ಗೇರ್ ಇಲ್ಲದ ಸ್ಕೂಟರಿಗಾ? ಚಾರ್ಜ್‌ಶೀಟ್ ಜೊತೆ ಅದರ ಕಾಪಿ ಇರಬೇಕು. ಇಲ್ಲದಿದ್ದರೆ ಹುಡುಗನಿಂದ ಅರ್ಜಿ ನಂಬರ್ ತೆಗೆದುಕೊಂಡು ಆನ್‌ಲೈನ್‌ನಲ್ಲಿ ತೆಗೆಸಿ.

ಚಾಲ್ತಿಯಲ್ಲಿದ್ದರೆ ಸ್ವಲ್ಪ ನೆಮ್ಮದಿ. 2004ರಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ ಸ್ವರಣ್ ಸಿಂಗ್ ಪ್ರಕರಣದಲ್ಲಿ ಎಲ್‌ಎಲ್‌ಆರ್ ಕೂಡ ಲೈಸೆನ್ಸೇ ಅಂತ ಹೇಳಿದೆ. ‘ಪಕ್ಕದಲ್ಲಿ ಕಲಿಸುವವರು ಇರಲಿಲ್ಲ, ಎಲ್ ಬೋರ್ಡ್ ಇರಲಿಲ್ಲ’ ಅಂತ ಕಂಪನಿಯ ವಕೀಲರು ಎಳೆದಾಡುತ್ತಾರೆ. ಎಳೆದಾಡಲಿ. ಅದೇ ತೀರ್ಪಿನಲ್ಲಿ ಇನ್ನೂ ಒಂದು ಮಾತಿದೆ, ನಿಮಗೆ ಅದು ಮುಖ್ಯ. ಲೈಸೆನ್ಸ್ ಷರತ್ತು ಮುರಿದಿದೆ ಅಂತ ಬರೀ ತೋರಿಸಿದರೆ ಸಾಲದು. ಮಾಲೀಕರು ಅದರಲ್ಲಿ ನಿರ್ಲಕ್ಷ್ಯ ಮಾಡಿದ್ದರು, ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ ಅಂತ ಕಂಪನಿಯೇ ಸಾಬೀತು ಮಾಡಬೇಕು. ಎರಡೂವರೆ ವರ್ಷದ ಹಿಂದೆ ಗಾಡಿ ಕೊಟ್ಟ ನಿಮಗೆ ಆ ಹುಡುಗ ಅವತ್ತು ಬೈಕ್ ಹತ್ತಿದ್ದೇ ಗೊತ್ತಿಲ್ಲ. ಡೆಲಿವರಿ ನೋಟ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ಎಲ್‌ಎಲ್‌ಆರ್ ಮುಗಿದಿತ್ತು ಅಥವಾ ಇರಲೇ ಇಲ್ಲ ಅಂದರೆ? ಆಗ ಕೋರ್ಟ್‌ಗಳು ಸಾಮಾನ್ಯವಾಗಿ ಮಾಡುವ ಆದೇಶ ‘ಪೇ ಅಂಡ್ ರಿಕವರಿ’. ಕಂಪನಿ ಮೊದಲು ಸತ್ತವರ ಮನೆಯವರಿಗೆ ಕೊಡಬೇಕು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬೇಕು. ಜನ ಈ ಆದೇಶವನ್ನು ಗೆಲುವು ಅಂದುಕೊಂಡು ಮನೆಗೆ ಹೋಗುತ್ತಾರೆ. ಗೆದ್ದಿದ್ದು ಅರ್ಜಿದಾರರು. ನಿಮ್ಮ ಸಾಲ ಹಾಗೇ ಇರುತ್ತದೆ, ಅದನ್ನು ಕೇಳುವವರು ಮಾತ್ರ ಬದಲಾಗಿರುತ್ತಾರೆ. ಒಂದೆರಡು ವರ್ಷ ಬಿಟ್ಟು ಕಂಪನಿ ಹಣ ವಸೂಲಿಗೆ ಅಮಲ್ಜಾರಿ ಅರ್ಜಿ ಹಾಕಿದಾಗ ಗೊತ್ತಾಗುತ್ತದೆ. ಇನ್ನೊಂದು ವಿಷಯ. 2019ರ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಕಲಂಗಳ ಮಾತು ಬದಲಾಗಿದೆ, ಈಗ ಮೊದಲು ಕೊಟ್ಟು ಆಮೇಲೆ ವಸೂಲಿ ಮಾಡಿ ಅಂತ ಆದೇಶ ಮಾಡಲು ಬರುವುದಿಲ್ಲ ಅಂತ ಕಂಪನಿಗಳ ಕಡೆಯಿಂದ ವಾದ ಬರುತ್ತಿದೆ. ನಿಮ್ಮ ಅಪಘಾತ ಅದಾದ ಮೇಲಿನದು. ಹಾಗಾಗಿ ‘ಹೇಗೂ ಕಂಪನಿ ಮೊದಲು ಕಟ್ಟುತ್ತದೆ’ ಅಂತ ನಂಬಿ ಲೈಸೆನ್ಸ್ ವಿಷಯವನ್ನು ಸಡಿಲ ಬಿಡಬೇಡಿ.

ಇನ್ನು 50 ಲಕ್ಷದ ಅಂಕಿ. ಅದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ, ಅಲಕ್ಷ್ಯವೂ ಬೇಡ. ಅರ್ಜಿಯಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ಅಪಘಾತದ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿ ಕೊಡುವುದು ಲೆಕ್ಕ ಹಾಕಿ. ಆ ಲೆಕ್ಕ ಗುಟ್ಟೇನಲ್ಲ. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳಲ್ಲಿ ಸೂತ್ರವೇ ಇದೆ. ನೀವೇ ಹಾಕಿ ನೋಡಬಹುದು.

ಗಾರೆ ಕೆಲಸದವರು, ಸಂಬಳದ ಚೀಟಿ ಇರುವುದಿಲ್ಲ. ದಾಖಲೆ ಇಲ್ಲದಿದ್ದಾಗ ಕೋರ್ಟ್ ಒಂದು ಅಂದಾಜು ಆದಾಯ ಇಟ್ಟುಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಲೋಕ್ ಅದಾಲತ್‌ಗೆ ಅಂತ ಕಾನೂನು ಸೇವಾ ಪ್ರಾಧಿಕಾರ ಮಾಡಿರುವ ವರ್ಷವಾರು ಪಟ್ಟಿಯನ್ನೇ ಕೋರ್ಟ್‌ಗಳೂ ನೋಡುವುದುಂಟು. ಲೆಕ್ಕಕ್ಕೆ ಸುಲಭವಾಗಲಿ ಅಂತ ತಿಂಗಳಿಗೆ 15,000 ಅಂದುಕೊಳ್ಳೋಣ. ವಯಸ್ಸು 40ರ ಒಳಗೆ, ಸ್ವಂತ ದುಡಿಮೆ. ಹಾಗಾಗಿ ಮುಂದೆ ಆದಾಯ ಏರುತ್ತಿತ್ತು ಅಂತ ಶೇ 40 ಸೇರಿಸಬೇಕು. 21,000 ಆಯಿತು. ಅವಲಂಬಿತರು ನಾಲ್ಕು ಜನ. ಆದ್ದರಿಂದ ತೀರಿಕೊಂಡವರ ಸ್ವಂತ ಖರ್ಚಿಗೆ ನಾಲ್ಕನೇ ಒಂದು ಭಾಗ ಕಳೆಯಬೇಕು. ಉಳಿದದ್ದು 15,750. ವರ್ಷಕ್ಕೆ 1,89,000. 36ರಿಂದ 40 ವಯಸ್ಸಿನವರಿಗೆ ಗುಣಕ 15. ಗುಣಿಸಿದರೆ 28,35,000.

ಇದರ ಮೇಲೆ ಬಾಂಧವ್ಯದ ನಷ್ಟ. ಸೇಥಿ ತೀರ್ಪಿನಲ್ಲಿ 40,000 ಇತ್ತು, ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಬೇಕು ಅಂತಲೂ ಇತ್ತು. ಎರಡು ಸಲ ಏರಿಸಿದರೆ 48,400. ಇದು ಹೆಂಡತಿಗೆ ಮಾತ್ರ ಅಲ್ಲ, ಮಕ್ಕಳಿಗೂ ತಾಯಿಗೂ ಅಂತ 2018ರ ಇನ್ನೊಂದು ತೀರ್ಪು ಹೇಳಿದೆ. ನಾಲ್ಕು ಜನಕ್ಕೆ 1,93,600. ಅಂತ್ಯಕ್ರಿಯೆಯ ಖರ್ಚು, ಆಸ್ತಿ ನಷ್ಟ ಅಂತ ತಲಾ 15,000 ಇದ್ದದ್ದು ಈಗ 18,150, ಎರಡೂ ಸೇರಿ 36,300. ಒಟ್ಟು 30,64,900. ಆಸ್ಪತ್ರೆಯಲ್ಲಿ ತೀರಿಕೊಂಡರು ಅಂದಿರಿ, ಅಲ್ಲಿನ ಬಿಲ್ ಇದ್ದರೆ ಅದೂ ಸೇರುತ್ತದೆ.

ಈಗ ಬಡ್ಡಿ. ಅರ್ಜಿ ಹಾಕಿದ ದಿನದಿಂದ ಲೆಕ್ಕ. ನಮ್ಮ ಕಡೆ ಸಾಮಾನ್ಯವಾಗಿ ವರ್ಷಕ್ಕೆ ಶೇ 6. ಈ ಮೊತ್ತಕ್ಕೆ ವರ್ಷಕ್ಕೆ ಸುಮಾರು 1.84 ಲಕ್ಷ. ‘ಕೇಸು ಎಳೀಲಿ ಬಿಡಿ, ನೋಡೋಣ’ ಅನ್ನುವವರು ಇದನ್ನು ಮರೆಯುತ್ತಾರೆ. ಕೇಸು ಎಳೆದಷ್ಟೂ ಬೆಳೆಯುವುದು ಕಟ್ಟಬೇಕಾದವರ ಸಾಲ.

ಈ ಲೆಕ್ಕ ನೋಡಿದ ಮೇಲೆ 3 ಲಕ್ಷದ ರಾಜಿಯ ಬಗ್ಗೆ ನಾನು ಹೇಳಬೇಕಾದ್ದೇ ಇಲ್ಲ. 30 ಲಕ್ಷ ಬರಬಹುದಾದ ಕಡೆ 3 ಲಕ್ಷಕ್ಕೆ ಬರೆದುಕೊಟ್ಟ ಕಾಗದ ಎಷ್ಟು ದಿನ ನಿಲ್ಲುತ್ತದೆ? ಅರ್ಜಿದಾರರಲ್ಲಿ ಇಬ್ಬರು ಮಕ್ಕಳಿದ್ದಾರೆ. ಅವರು ಅಪ್ರಾಪ್ತರಾಗಿದ್ದರೆ, ಕೋರ್ಟ್ ಅನುಮತಿ ಇಲ್ಲದೆ ಅವರ ಪಾಲನ್ನು ಯಾರೂ ಬಿಟ್ಟುಕೊಡುವ ಹಾಗಿಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಆದ ರಾಜಿ ಹುಡುಗನ ಮೇಲಿನ ಕ್ರಿಮಿನಲ್ ಕೇಸನ್ನೂ ಮುಗಿಸುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಅನ್ನುವುದು ಕಕ್ಷಿಗಳು ತಾವೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧ ಅಲ್ಲ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಕಂಪನಿಯನ್ನು ಕೇಳದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡುವುದಾಗಿ ಹೇಳಬಾರದು ಅಂತ ಪಾಲಿಸಿಯ ಷರತ್ತಿನಲ್ಲೇ ಇರುತ್ತದೆ. ನೀವು 3 ಲಕ್ಷ ಕೊಟ್ಟು, ಅದನ್ನೇ ಹಿಡಿದು ಕಂಪನಿ ತಗಾದೆ ತೆಗೆಯುವುದು ಯಾಕೆ ಬೇಕು? ರಾಜಿ ಆಗಲೇಬೇಕು ಅಂದರೆ ಲೋಕ್ ಅದಾಲತ್‌ನಲ್ಲಿ, ಕಂಪನಿಯನ್ನೂ ಕೂರಿಸಿಕೊಂಡು ಆಗಲಿ. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲ ಇರುತ್ತದೆ.

ಮಾನವೀಯತೆಯಿಂದ ಆ ಮನೆಗೆ ಏನಾದರೂ ಸಹಾಯ ಮಾಡಬೇಕು ಅನ್ನಿಸಿದರೆ ಮಾಡಿ, ತಪ್ಪೇನಿಲ್ಲ. ಅದಕ್ಕೆ ಕಾಗದ, ಸಹಿ, ಸಾಕ್ಷಿ ಅಂತ ಹೋಗಬೇಡಿ.

ಸೈಟಿನ ಮಾತು. ಕೇಸು ಬಂದ ಮೇಲೆ ಆಸ್ತಿಯನ್ನು ಮನೆಯವರ ಹೆಸರಿಗೆ ಮಾಡಿದರೆ, ಹಣ ಬರಬೇಕಾದವರಿಗೆ ಮೋಸ ಮಾಡಲು ಮಾಡಿದ ವರ್ಗಾವಣೆ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 53ರಡಿ ಅದನ್ನು ರದ್ದು ಮಾಡಿಸಬಹುದು. ಸಬ್ ರಿಜಿಸ್ಟ್ರಾರ್ ಕಚೇರಿಯ ದಿನಾಂಕ ಸುಳ್ಳು ಹೇಳುವುದಿಲ್ಲವಲ್ಲ. ನೋಟಿಸ್ ಬಂದ ಮೇಲೆ ದಾನಪತ್ರ ಆಗಿದೆ ಅಂತ ಎದುರಿನ ವಕೀಲರು ಇಸಿ (ಋಣಭಾರ ಪತ್ರ) ತೆಗೆಸಿ ತೋರಿಸಿದರೆ ನಿಮ್ಮ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ. ನಿಮ್ಮದು ನಿಜವಾಗಿ ಹೇಳಿಕೊಳ್ಳಬಹುದಾದ ಕೇಸು, ಅದನ್ನು ಹಾಳು ಮಾಡಿಕೊಳ್ಳಬೇಡಿ.

ಸೈಟ್, ಸಂಬಳ ಜಪ್ತಿ ಆಗುತ್ತದಾ ಅನ್ನುವ ಭಯ ಇದ್ದೇ ಇರುತ್ತದೆ. ಇನ್ಶೂರೆನ್ಸ್ ನಿಲ್ಲದೆ ಆದೇಶ ನಿಮ್ಮ ಮೇಲೇ ಆದರೆ, ಆಗಬಹುದು. ಮೋಟಾರು ವಾಹನ ಕಾಯ್ದೆಯ ಕಲಂ 174ರಡಿ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಬಹುದು. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವ ಹಾಗಿಲ್ಲ, ಬಾಕಿ ಹಿಡಿಯಬಹುದು. ಇದು ಕೊನೆಯ ಹಂತ. ಅದಕ್ಕೂ ಮೊದಲು ಹೈಕೋರ್ಟ್‌ಗೆ ಮೇಲ್ಮನವಿ ಇದೆ, ಕಲಂ 173, ಅವಧಿ 90 ದಿನ. ಕಟ್ಟಬೇಕಾದವರು ಮೇಲ್ಮನವಿ ಹಾಕುವಾಗ 25,000 ರೂಪಾಯಿ ಅಥವಾ ಆದೇಶದ ಅರ್ಧ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು.

ಹುಡುಗನದ್ದು ತಪ್ಪೇ ಇಲ್ಲ ಅಂತ ವಾದ ಮಾಡಬಹುದಾ? ಕಲಂ 166ರ ಕೇಸಿನಲ್ಲಿ ಓಡಿಸಿದವರ ನಿರ್ಲಕ್ಷ್ಯ ಸಾಬೀತಾಗಬೇಕು, ಹಾಗಾಗಿ ಮಾಡಬಹುದು. ಸ್ಥಳ ಮಹಜರು, ನಕ್ಷೆ, ಗಾಡಿ ತಪಾಸಣೆಯ ವರದಿ ನೋಡಿ. ಡಿಕ್ಕಿಯಾದ ಜಾಗ ರಸ್ತೆಯ ನಡುವೆಯಾ, ಅಂಚಿನಲ್ಲಾ, ಬೀದಿದೀಪ ಇತ್ತಾ ಅನ್ನುವುದರ ಮೇಲೆ ಸತ್ತವರದ್ದೂ ಸ್ವಲ್ಪ ಪಾಲು ತಪ್ಪಿದೆ ಅಂತ ಬಂದರೆ ಮೊತ್ತ ಅಷ್ಟು ಕಡಿಮೆಯಾಗುತ್ತದೆ. ಆದರೆ ಚಾರ್ಜ್‌ಶೀಟ್ ಹುಡುಗನ ಮೇಲಿದೆ, ಎದುರಿಗಿದ್ದವರು ನಡೆದುಹೋಗುತ್ತಿದ್ದವರು. ಇದರ ಮೇಲೆ ಜಾಸ್ತಿ ಭರವಸೆ ಇಡಬೇಡಿ. ನಾಳೆ ಕ್ರಿಮಿನಲ್ ಕೇಸಿನಲ್ಲಿ ಹುಡುಗ ಬಿಡುಗಡೆ ಆದರೂ ಪರಿಹಾರದ ಕೇಸು ತಾನಾಗಿಯೇ ಬೀಳುವುದಿಲ್ಲ. ಅಲ್ಲಿ ಬೇಕಾದ ಸಾಕ್ಷಿಯ ಮಟ್ಟ ಬೇರೆ, ಇಲ್ಲಿಯದು ಬೇರೆ.

ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು ಅನ್ನುವ ಗಡುವಿನ ವಿಷಯ ನಿಮ್ಮ ಕೇಸಿನಲ್ಲಿ ಬರುವುದಿಲ್ಲ, ಅವರು ಐದನೇ ತಿಂಗಳಲ್ಲೇ ಹಾಕಿದ್ದಾರೆ.

ನಿಮ್ಮ ಮೇಲೆ ಕ್ರಿಮಿನಲ್ ಕೇಸು? ಸಾವಿನ ಕೇಸು ಓಡಿಸಿದವರ ಮೇಲೆ. ಭಾರತೀಯ ನ್ಯಾಯ ಸಂಹಿತೆಯ ಕಲಂ 106(1), 5 ವರ್ಷದವರೆಗೆ ಶಿಕ್ಷೆ. ಮಾಲೀಕರು ಅನ್ನುವ ಒಂದೇ ಕಾರಣಕ್ಕೆ ಅದರಲ್ಲಿ ನೀವು ಬರುವುದಿಲ್ಲ. ಆದರೆ ಆರ್‌ಸಿ ನಿಮ್ಮ ಹೆಸರಿನಲ್ಲಿರುವುದರಿಂದ, ಓಡಿಸಿದ್ದು ಯಾರು ಅಂತ ಪೊಲೀಸರು ಮೋಟಾರು ವಾಹನ ಕಾಯ್ದೆಯ ಕಲಂ 133ರಡಿ ಕೇಳುತ್ತಾರೆ, ಹೇಳಲೇಬೇಕು. ಇನ್ಶೂರೆನ್ಸ್ ಇಲ್ಲದೆ ಓಡಿಸಲು ಬಿಟ್ಟಿದ್ದೀರಿ, ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟಿದ್ದೀರಿ ಅಂತ ಸೇರಿಸುವ ಸಾಧ್ಯತೆಯೂ ಇದೆ. ಪಾಲಿಸಿ ಮತ್ತು ಡೆಲಿವರಿ ನೋಟ್‌ನ ಕಾಪಿಯನ್ನು ಒಂದು ಮನವಿಯ ಜೊತೆ ತನಿಖಾಧಿಕಾರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸೀಲ್ ಹಾಕಿಸಿಕೊಳ್ಳಿ. ಹುಡುಗ 19ರವನಾಗಿದ್ದು ನಿಮ್ಮ ಪುಣ್ಯ. 18ರ ಒಳಗಿದ್ದಿದ್ದರೆ ಅದೇ ಕಾಯ್ದೆಯ ಕಲಂ 199ಎ ಬರುತ್ತಿತ್ತು. ಅದರಲ್ಲಿ ಪೋಷಕರು ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ದಂಡ. ‘ನನಗೆ ಗೊತ್ತಿರಲಿಲ್ಲ’ ಅನ್ನುವುದನ್ನು ನೀವೇ ಸಾಬೀತು ಮಾಡಬೇಕಾಗುತ್ತಿತ್ತು.

ಈಗ ನ್ಯಾಯಮಂಡಳಿಯಲ್ಲಿ ಮಾಡಬೇಕಾದ್ದು. ನೋಟಿಸ್‌ನಲ್ಲಿರುವ ದಿನ ತಪ್ಪದೆ ವಕೀಲರ ಮೂಲಕ ಹಾಜರಾಗಿ ವಕಾಲತ್ತು ಹಾಕಿಸಿ. ‘ಗಾಡಿ ನನ್ನದಲ್ಲ, ನಾನ್ಯಾಕೆ ಹೋಗಲಿ’ ಅಂತ ಮನೆಯಲ್ಲಿ ಕೂರುವವರು ಬಹಳ. ಆಗ ಎಕ್ಸ್‌ಪಾರ್ಟಿ ಮಾಡಿ, ಅಂದರೆ ನೀವಿಲ್ಲದೆಯೇ, ಕೇಸು ಮುಂದೆ ಹೋಗುತ್ತದೆ. ಪಾಲಿಸಿ ತೋರಿಸುವವರು ಇಲ್ಲ, ಡೆಲಿವರಿ ನೋಟ್ ತೋರಿಸುವವರು ಇಲ್ಲ, ಪೂರ್ತಿ ಮೊತ್ತ ಆರ್‌ಸಿ ಮಾಲೀಕರ ತಲೆಗೆ. ತಕರಾರು ಸಲ್ಲಿಸುವಾಗ ಪಾಲಿಸಿ ನಂಬರ್, ಅವಧಿ, ಕಂಪನಿಯ ಶಾಖೆಯ ವಿಳಾಸ ಎಲ್ಲವನ್ನೂ ಅದರಲ್ಲೇ ಬರೆಸಿ. ಇನ್ಶೂರೆನ್ಸ್ ಕಂಪನಿಯನ್ನೂ ಗಾಡಿ ಕೊಂಡವರನ್ನೂ ಪಾರ್ಟಿ ಮಾಡಲು ಅರ್ಜಿ ಹಾಕಿಸಿ. ಅರ್ಜಿದಾರರ ವಕೀಲರಿಗೂ ಪಾಲಿಸಿಯ ಕಾಪಿ ಕೊಡಿ. ಕಂಪನಿ ಬರುವುದು ಅವರಿಗೂ ಬೇಕಾದದ್ದೇ, ಯಾಕೆಂದರೆ ನಿಮ್ಮಿಂದ ಕಂತು ಕಂತಾಗಿ ವಸೂಲಿ ಮಾಡುವುದಕ್ಕಿಂತ ಅದು ಎಷ್ಟೋ ವಾಸಿ. ಎದುರು ಪಾರ್ಟಿ ಅಂತ ಮುಖ ತಿರುಗಿಸಬೇಡಿ. ಈ ಒಂದು ವಿಷಯದಲ್ಲಿ ನೀವೂ ಅವರೂ ಒಂದೇ ಕಡೆ.

ಅದೇ ದಿನ ಕಂಪನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಅಪಘಾತದ ದಿನ, ಠಾಣೆ, ಎಫ್‌ಐಆರ್ ನಂಬರ್, ನ್ಯಾಯಮಂಡಳಿಯ ಕೇಸ್ ನಂಬರ್ ಬರೆಯಿರಿ. ನೋಟಿಸ್ ಕಾಪಿ ಲಗತ್ತಿಸಿ. ಪೋಸ್ಟಿನ ರಸೀದಿ ಎತ್ತಿಡಿ. ಕಂಪನಿಯವರು ಬಂದು ಕ್ಲೇಮ್ ಫಾರಂಗೆ ಸಹಿ ಕೇಳಿದರೆ ಕೊಡಿ, ಆದರೆ ಖಾಲಿ ಕಾಗದಕ್ಕೆ ಬೇಡ. ತನಿಖೆಗೆ ಅಂತ ಬರುವವರ ಹತ್ತಿರ ‘ಅವನಿಗೆ ಲೈಸೆನ್ಸ್ ಇರಲಿಲ್ಲ ಸಾರ್’ ಅಂತ ಕೇಳಿದ ಮಾತನ್ನು ಕಂಡ ಹಾಗೆ ಹೇಳಬೇಡಿ. ನಿಮಗೆ ಗೊತ್ತಿರುವುದು ಗಾಡಿ ಮಾರಿದ್ದು, ಅಷ್ಟನ್ನೇ ಹೇಳಿ.

ಒಂದು ವೇಳೆ ಪಾಲಿಸಿ ಸಿಕ್ಕಿ, ಅದರಲ್ಲಿ ಲಯಬಿಲಿಟಿ ಅವಧಿಯೂ ಒಂದೇ ವರ್ಷ ಅಂತಿದ್ದರೆ? 2020ರ ಹೊಸ ಬೈಕಿಗೆ ಹಾಗಿರುವ ಸಾಧ್ಯತೆ ಬಹಳ ಕಡಿಮೆ. ಹಾಗೇನಾದರೂ ಇದ್ದರೆ ಅದು ಬೇರೆಯೇ ಕಥೆ. ನೀವು, ಕೊಂಡವರು, ಹುಡುಗ ಮೂವರೂ ಸೇರಿ ಹೊರಬೇಕಾಗುತ್ತದೆ. ಆಗ ಕೊಂಡವರನ್ನು ಪಾರ್ಟಿ ಮಾಡುವುದೇ ನಿಮ್ಮ ಮೊದಲ ಕೆಲಸ.

ಕೊನೆಗೆ ಬೈಕ್. ಅದು ಈಗಲೂ ನಿಮ್ಮ ಹೆಸರಿನಲ್ಲೇ ಇದೆ. ಠಾಣೆಯಲ್ಲಿದ್ದರೆ, ಬಿಡಿಸಿಕೊಳ್ಳಲು ಕೋರ್ಟ್ ಸಾಮಾನ್ಯವಾಗಿ ಆರ್‌ಸಿ ಮಾಲೀಕರನ್ನೇ ಕೇಳುತ್ತದೆ. ಅಂದರೆ ಕೊಂಡವರು ಸಹಿಗೆ ನಿಮ್ಮ ಬಾಗಿಲಿಗೆ ಬರಲೇಬೇಕು. ಇನ್ಶೂರೆನ್ಸ್ ಇಲ್ಲ ಅಂತ ದಾಖಲಾಗಿದ್ದರೆ ಪರಿಹಾರಕ್ಕೆ ಭದ್ರತೆ ಕೊಡದೆ ಬಿಡುವುದಿಲ್ಲ. 3 ತಿಂಗಳಾದರೂ ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಯಲ್ಲಿ ಇಡಬೇಕು ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪಾಲಿಸಿ ತೋರಿಸಿದರೆ ಆ ತೊಡಕು ಇಲ್ಲ. ಸಹಿ ಕೇಳಲು ಬಂದಾಗ ಸುಮ್ನೆ ಹಾಕಿಕೊಡಬೇಡಿ. ಮೊದಲು ಹುಡುಗನ ಎಲ್‌ಎಲ್‌ಆರ್ ಕಾಪಿ ಕೊಡಲಿ. ಗಾಡಿ ಯಾವ ದಿನದಿಂದ ತಮ್ಮ ವಶದಲ್ಲಿದೆ ಅಂತ ಅಫಿಡವಿಟ್ ಮಾಡಿಕೊಡಲಿ. ಐದು ವರ್ಷದ ಪಾಲಿಸಿಯೂ 2025ರ ಫೆಬ್ರವರಿಗೆ ಮುಗಿದಿದೆ, ಹೊಸ ಇನ್ಶೂರೆನ್ಸ್ ಮಾಡಿಸದೆ ಗಾಡಿ ರಸ್ತೆಗೆ ಇಳಿಯಬಾರದು. ಬಿಡುಗಡೆ ಆದ ಮೇಲೆ ಅವರ ಜೊತೆ ನೀವೂ ಆರ್‌ಟಿಒ ಕಚೇರಿಗೆ ಹೋಗಿ ವರ್ಗಾವಣೆಯ ಅರ್ಜಿ ಹಾಕಿಸಿ, ಆಮೇಲೆ ಆರ್‌ಟಿಒ ದಾಖಲೆಯ ನಕಲಾದ ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ ಹೆಸರು ಬದಲಾಗಿದೆಯಾ ನೋಡಿಕೊಳ್ಳಿ.